ಬೋಟು ಶೆಡ್ಡಿನ ಕರಿಯಮ್ಮ

ಹೊಡೆದಾಟ ಅಂದರೆ ಕರಿಯಮ್ಮನಿಗೆ ಹೆದರಿಕೆ ಇರಲಿಲ್ಲ. ಭದ್ರಾವತಿಯ ಆಚೆ, ಚಾನೆಲ್ ಬದಿಯ ಹಳ್ಳಿಯೊಂದರಲ್ಲಿ ಅಣ್ಣಂದಿರ ನಡುವೆ ಬೆಳೆದವಳು. ಅಪ್ಪ ಎತ್ತಿಗೂ ಮಕ್ಕಳಿಗೂ ಸೇರಿಸಿ ಒಂದೇ ಬಾರುಕೋಲು ಇಟ್ಟುಕೊಂಡಿದ್ದ. ಒಮ್ಮೆ ಬೇರೆಯವರ ಗದ್ದೆಗೆ ನಾಟಿಗೆ ಹೋದಾಗ ಅಲ್ಲಿನ ಮೇಸ್ತ್ರಿ ಅವಳ ಸೊಂಟಕ್ಕೆ ಕೈ ಹಾಕಿದ. ಮರುದಿನ ಅವಳು ಅಪ್ಪನ ಬಾರುಕೋಲು ಹಿಡಿದುಕೊಂಡೇ ನಾಟಿಗೆ ಹೋದಳು, ಅವನ ಮುಂಗೈ ಮೂಳೆ ಮುರಿದೇ ಬಂದಳು. ಹುಡುಗಿ ಗಟ್ಟಿ ಎಂದು ಕೆಲವರು ಮೆಚ್ಚಿದರು. ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೋ ಎಂದು ಅವ್ವ ಅತ್ತಳು.

ಕಟ್ಟಿಕೊಂಡವನು ಭದ್ರಾವತಿಯ ಪುಟ್ಟಪ್ಪ. ಊರಂಚಿನ ಒಂದು ಸಣ್ಣ ಶೆಡ್ಡಿನಲ್ಲಿ ಅವನ ಕೆಲಸ. ಕಬ್ಬಿಣದ ಬಕೆಟ್ಟು, ಪೈಪುಗಳಿಗೆ ಸತುವಿನ ಲೇಪ ಕೊಡುವುದಕ್ಕೆ ಮೊದಲು ಅವನ್ನು ಆಸಿಡ್ಡಿನಲ್ಲಿ ಅದ್ದಿ ತುಕ್ಕು ಬಿಡಿಸಬೇಕು. ಹಗಲೆಲ್ಲ ಆ ಹೊಗೆ ಕುಡಿಯುತ್ತಿದ್ದ, ಸಂಜೆ ಸಾರಾಯಿ ಕುಡಿಯುತ್ತಿದ್ದ. ಮದುವೆಯಾದ ಹೊಸತರಲ್ಲೇ, ಬಾಗಿಲು ತೆಗೆಯುವುದು ತಡವಾಯಿತೆಂದು ಚಪ್ಪಲಿ ತೆಗೆದು ಅವಳ ಮುಖಕ್ಕೆ ಬಾರಿಸಿದ. ಹುಬ್ಬಿನಿಂದ ಇಳಿದ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಂಡ ಕರಿಯಮ್ಮ ಮೂಲೆಯಲ್ಲಿದ್ದ ಒನಕೆ ತಂದು ಅವನ ಮಂಡಿಗೆ ಹೊಡೆದಳು. ಅವನು ಬಹಳ ದಿನ ಕುಂಟಿದ. ಅಲ್ಲಿಂದ ಮುಂದೆ ಆ ಸಂಸಾರ ನಡೆದದ್ದೇ ಹಾಗೆ. ಮೊದಮೊದಲು ಬಿಡಿಸಲು ಬರುತ್ತಿದ್ದ ಕೇರಿಯವರು ಆಮೇಲೆ ಸದ್ದು ಕೇಳಿದರೆ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿಂತಿದ್ದ ಒಂದೇ ಒಂದು ಬಸಿರು ಅವನ ಒದೆತಕ್ಕೇ ಹೋಯಿತೆಂದು ಅವಳು ನಂಬಿದ್ದಳು. ಅದನ್ನು ಅವನ ಮುಖಕ್ಕೇ ಹೇಳಿದಳು. ಆವತ್ತು ಮಾತ್ರ ಪುಟ್ಟಪ್ಪ ಅವಳ ಏಟುಗಳನ್ನೆಲ್ಲ ಸುಮ್ಮನೆ ತಿಂದು ಗೋಡೆಗೆ ಒರಗಿ ಕೂತ.

ತೊಂಬತ್ತರ ದಶಕದ ಶುರುವಿನಲ್ಲಿ ಅವನು ಕೆಮ್ಮಿ ಕೆಮ್ಮಿ ಸತ್ತ. ಶೆಡ್ಡಿನವರು ಅವನ ಜಾಗಕ್ಕೆ ಹೆಂಡತಿಯನ್ನು ಕರೆದರು. ಏನೂ ಗೊತ್ತಿಲ್ಲದ ಅವಳು ಆಸಿಡ್ಡಿದ್ದ ಡ್ರಮ್ಮಿಗೆ ಒಂದು ಚೊಂಬು ನೀರು ಸುರಿದಳು. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಅದು ಭಗ್ಗನೆ ಸಿಡಿದು ಎಡಗೈಯ ಚರ್ಮ ಸುಲಿಯಿತು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ತಮಿಳಿನ ಹೆಂಗಸು ಅವಳನ್ನು ದರದರ ಎಳೆದುಕೊಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿಸಿದಳು. ಸಾಕು ಬಿಡು ಎಂದರೂ ಬಿಡಲಿಲ್ಲ. ಕಿತ್ತುಕೊಂಡು ಓಡಲು ನೋಡಿದಾಗ ಕಪಾಳಕ್ಕೆ ಒಂದು ಕೊಟ್ಟು ಮತ್ತೆ ಹಿಡಿದು ನಿಲ್ಲಿಸಿದಳು. ಉರಿ ಅಡಗುವವರೆಗೆ ನೀರು ಹರಿಯುತ್ತಲೇ ಇರಬೇಕು, ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬೈದು ಬೈದು ಹೇಳಿದಳು. ಅಲ್ಲಿಯವರೆಗೆ ಕರಿಯಮ್ಮ ತಿರುಗಿಸಿ ಕೊಡದೆ ಬಿಟ್ಟ ಏಟು ಅದೊಂದೇ.

ಪುಟ್ಟಪ್ಪನಿಗೆ ಚೌಡಪ್ಪ ಎಂಬ ತಮ್ಮನಿದ್ದ. ಅಣ್ಣನ ವರ್ಷದ ತಿಥಿ ಮುಗಿಯುವ ಮೊದಲೇ ಅವನು, ಮಕ್ಕಳಿಲ್ಲದವಳಿಗೆ ಮನೆಯಲ್ಲಿ ಪಾಲು ಯಾಕೆ ಎಂದು ಶುರು ಮಾಡಿದ. ಕರಿಯಮ್ಮ ಜಗ್ಗಲಿಲ್ಲ. ಒಂದು ಬೆಳಿಗ್ಗೆ ಚೌಡಪ್ಪ ಇಬ್ಬರನ್ನು ಜೊತೆಗೆ ಕಟ್ಟಿಕೊಂಡು ಬಂದು ಅವಳ ಪಾತ್ರೆ, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಬೀದಿಗೆ ಎಸೆದ. ಹೊಸ್ತಿಲಲ್ಲಿ ಅಡ್ಡ ನಿಂತವಳ ಜಡೆ ಹಿಡಿದು ಚರಂಡಿಯವರೆಗೆ ಎಳೆದ, ಬಿದ್ದವಳ ಬಾಯಿಗೆ ಒದ್ದ. ಮುಂದಿನ ಹಲ್ಲು ಮುರಿದು ನಾಲಿಗೆ ಮೇಲೆ ಬಿತ್ತು. ಅವನು ಮತ್ತೆ ಬಗ್ಗಿದಾಗ ಅವಳು ಅವನ ಕೈ ಕಚ್ಚಿ ಹಿಡಿದಳು. ಬೆನ್ನಿಗೆ ಎಷ್ಟು ಗುದ್ದಿದರೂ ದವಡೆ ಸಡಿಲಿಸಲಿಲ್ಲ. ಕೊನೆಗೆ ಬಿಟ್ಟಾಗ ಅವನ ಕಿರುಬೆರಳ ತುದಿ ಅವಳ ಬಾಯಲ್ಲೇ ಉಳಿಯಿತು. ಅವಳು ಹಲ್ಲನ್ನೂ ಬೆರಳನ್ನೂ ಒಟ್ಟಿಗೆ ಉಗುಳಿದಳು. ಚೌಡಪ್ಪನ ಹೆಂಡತಿ ಶಕುಂತಲಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಠಾಣೆಯಲ್ಲಿ ರಾಜಿಯಾಯಿತು. ರಾಜಿ ಎಂದರೆ ಮನೆ ಚೌಡಪ್ಪನಿಗೆ ಉಳಿಯಿತು, ಕರಿಯಮ್ಮ ಟ್ರಂಕು ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದಳು.

ಸವಳಂಗ ರಸ್ತೆಯಲ್ಲಿ ನವುಲೆ ಕಡೆಗೆ ಕೊಟ್ರಬಸಪ್ಪನವರ ಶೆಡ್ಡಿತ್ತು. ಮೊದಲು ಪೇಂಟು ಅಂಗಡಿ ನಡೆಸುತ್ತಿದ್ದವರು, ಆಮೇಲೆ ಬೋಟುಗಳ ರಿಪೇರಿ ಹಿಡಿದಿದ್ದರು. ಶಂಕರಘಟ್ಟದ ಆಚೆ, ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಸುವವರು, ಜನರನ್ನು ಕೂರಿಸಿ ಸುತ್ತಾಡಿಸುವವರು ಆಗಷ್ಟೇ ಮರದ ದೋಣಿ ಬಿಟ್ಟು ಅಲ್ಯೂಮಿನಿಯಂ ಬೋಟು ತರಿಸತೊಡಗಿದ್ದರು. ವರ್ಷವಿಡೀ ನೀರಲ್ಲಿ ನಿಂತ ಬೋಟಿನ ಹೊಟ್ಟೆಗೆ ಪಾಚಿ ಕಟ್ಟುತ್ತದೆ, ಅದರ ಮೇಲೆ ಸುಣ್ಣದಂಥ ಬಿಳಿ ಹೊಪ್ಪಳೆ ಕೂರುತ್ತದೆ. ಅವು ಲಾರಿಯಲ್ಲಿ ಶೆಡ್ಡಿಗೆ ಬರುತ್ತಿದ್ದವು. ಮರದ ಸ್ಟ್ಯಾಂಡಿನ ಮೇಲೆ ಕವುಚಿ ಹಾಕಿ ತಿಕ್ಕಬೇಕು. ಆಸಿಡ್ ಕೆಲಸ ಗೊತ್ತು ಎಂದು ಕರಿಯಮ್ಮ ಹೇಳಿದಳು. ಅವರು ಸೇರಿಸಿಕೊಂಡರು.

ಗೊತ್ತಿದ್ದದ್ದು ಕಬ್ಬಿಣದ ಕೆಲಸ. ಮೊದಲ ಬೋಟಿಗೇ ಅವಳು ಕಬ್ಬಿಣಕ್ಕೆ ಹಾಕುವ ಖಾರದ ಆಸಿಡ್ ಬಳಿದಳು. ಅದು ಸುರ್ರೆಂದು ನೊರೆಯೆದ್ದು ಕುದಿಯಿತು, ತಗಡು ಮುಟ್ಟಲಾರದಷ್ಟು ಬಿಸಿಯಾಗಿ ಕಪ್ಪಗಾಯಿತು. ತೊಳೆದು ಬೆಳಕಿಗೆ ಹಿಡಿದರೆ ಒಂದು ಕಡೆ ಸೂಜಿಮೊನೆಯಷ್ಟು ತೂತು. ಕೊಟ್ರಬಸಪ್ಪ ಕೈಯಲ್ಲಿದ್ದ ಮಗ್ಗನ್ನು ಅವಳ ಮೇಲೆ ಎಸೆದರು. ಅವಳು ಅದೇ ಮಗ್ಗನ್ನು ಎತ್ತಿ ವಾಪಸ್ ಎಸೆದಳು. ಅವರ ಕನ್ನಡಕ ಒಡೆದು ಮೂಗಿನ ಮೇಲೆ ಗೀರು ಬಿತ್ತು. ಅವಳು ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಟೇ ಬಿಟ್ಟಳು. ಗೇಟಿನ ಹತ್ತಿರ ಅವರು ಕೂಗಿ ನಿಲ್ಲಿಸಿ, ನಾಳೆ ಬಾ, ಆದರೆ ನಾನು ಓದಿ ಹೇಳಿದ ಹಾಗೆ ಮಾಡಬೇಕು ಎಂದರು. ಅವರೂ ಅಲ್ಯೂಮಿನಿಯಂ ಕೆಲಸಕ್ಕೆ ಹೊಸಬರೇ ಎಂಬುದು ಅವಳಿಗೆ ಆಗ ತಿಳಿಯಿತು.

ಬೋಟಿಗೆಂದೇ ಮಾಡಿದ ಮೆತ್ತಗಿನ ಆಸಿಡ್ ಬೆಂಗಳೂರಿನಿಂದ ಕ್ಯಾನುಗಳಲ್ಲಿ ಬಂತು. ಕ್ಯಾನಿನ ಮೇಲೆ ಬರೆದಿದ್ದನ್ನು ಕೊಟ್ರಬಸಪ್ಪ ಒಡೆದ ಕನ್ನಡಕದಲ್ಲೇ ಓದಿ ಹೇಳಿದರು, ಅವಳು ಮಾಡಿದಳು. ತಪ್ಪಿದ ಕಡೆ ಇಬ್ಬರೂ ಬೈದಾಡಿಕೊಂಡು ಕಲಿತರು. ಬೋಟು ಬಿಸಿಲಲ್ಲಿ ಕಾದಿರಬಾರದು, ನೆರಳಲ್ಲಿ ತಣ್ಣಗಿರಬೇಕು. ಮೊದಲು ಹಿಂಭಾಗದಲ್ಲಿ ಅಂಗೈಯಗಲ ಜಾಗಕ್ಕೆ ಹಚ್ಚಿ ನೋಡಬೇಕು. ಕಬ್ಬಿಣದ ಬಕೆಟ್ಟು ಮುಟ್ಟುವ ಹಾಗಿಲ್ಲ, ಪ್ಲಾಸ್ಟಿಕ್ಕೇ ಆಗಬೇಕು. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು ಹಾಕಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಬೋಟನ್ನು ಒದ್ದೆ ಮಾಡಿಕೊಂಡು ಕೆಳಗಿನಿಂದ ಮೇಲಕ್ಕೆ ಹಚ್ಚುತ್ತ ಹೋಗಬೇಕು; ಮೇಲಿನಿಂದ ಶುರು ಮಾಡಿದರೆ ಇಳಿದ ಗೆರೆಗಳು ಹಾಗೇ ಉಳಿದುಬಿಡುತ್ತವೆ. ಒಣಗಲು ಬಿಡದೆ ಧಾರಾಳ ನೀರು ಹೊಡೆಯಬೇಕು. ತೊಳೆದ ನೀರು ಚಾನೆಲ್ಲಿಗೆ ಹೋಗದ ಹಾಗೆ ಗುಂಡಿಗೆ ಇಳಿಸಿ ಸುಣ್ಣ ಸುರಿಯಬೇಕು. ಜೋರಾಗಿ ತಿಕ್ಕಿದರೆ ತಗಡು ಗೀಚುತ್ತದೆ. ಅವಳ ಕೈಗೆ ಕಷ್ಟವಾದದ್ದು ಇದೊಂದೇ. ಆದರೂ ಹಸಿರು ಹೊಪ್ಪಳೆ ಜಾರಿ, ಕೆಳಗಿಂದ ಹೊಸ ಪಾತ್ರೆಯಂಥ ಬಿಳುಪು ಹೊರಬರುವಾಗ ಅವಳು ತಿಕ್ಕುವುದು ನಿಲ್ಲಿಸಿ ನೋಡುತ್ತಿದ್ದಳು. ವರ್ಷಗಳು ಹೀಗೆ ಹೋದವು. ಶೆಡ್ಡಿನ ಹಿಂದಿನ ಕೋಣೆಯಲ್ಲೇ ಅವಳ ವಾಸ.

ಎರಡು ಸಾವಿರದ ಮೂರರ ಹೊತ್ತಿಗೆ ಭದ್ರಾವತಿಯಲ್ಲಿ ಸಣ್ಣಪುಟ್ಟ ಶೆಡ್ಡುಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹುಡುಕಿಕೊಂಡು ಬಂದವರಲ್ಲಿ ಒಬ್ಬನನ್ನು ಕೊಟ್ರಬಸಪ್ಪ ಇಟ್ಟುಕೊಂಡರು. ಕರಿಯಮ್ಮ ತಲೆ ಎತ್ತಿ ನೋಡಿದರೆ ಚೌಡಪ್ಪ. ತಲೆ ನರೆತಿತ್ತು, ಬಲಗೈಯ ಕಿರುಬೆರಳು ಮೊಂಡಾಗಿತ್ತು. ಅವನೂ ಅವಳನ್ನು ಕಂಡ. ಸಾಹುಕಾರರಿಗೆ ಹೇಳಿ ಅವನನ್ನು ಓಡಿಸಬಹುದಿತ್ತು. ಹೇಳಲು ಹೋದರೆ ಚರಂಡಿ, ಹಲ್ಲು, ಬೆರಳು ಎಲ್ಲ ಹೇಳಬೇಕು. ಅವಳಿಗೆ ಅದು ಬೇಡವಾಯಿತು. ಕೆಲಸದ ಸಾಮಾನು ಕೊಡುವಾಗ, ಕನ್ನಡಕ ಹಾಕಿಕೋ ಎಂದಷ್ಟೇ ಹೇಳಿದಳು. ಅವನು ಅದನ್ನು ಮಣ್ಣಿಗೆ ಎಸೆದ. ಭದ್ರಾವತಿಯಲ್ಲಿ ಅಣ್ಣನಂತೆಯೇ ಆಸಿಡ್ ತೊಟ್ಟಿಯಲ್ಲಿ ಕಬ್ಬಿಣ ಅದ್ದಿಯೇ ಬದುಕಿದವನಿಗೆ ಇವಳ ಹತ್ತಿರ ಹೇಳಿಸಿಕೊಳ್ಳುವುದು ಸಾವಿಗಿಂತ ಕಡೆಯಾಗಿತ್ತು.

ಕೆಲವೇ ದಿನಗಳಲ್ಲಿ ಹಳೆ ಜಗಳ ಹೊತ್ತಿಕೊಂಡಿತು. ಕನ್ನಡಕದ ಮಾತಿಗೇ ಶುರುವಾಗಿ, ಅವನು ಅವಳನ್ನು ಸ್ಟ್ಯಾಂಡಿನ ಮೇಲೆ ನೂಕಿದ. ಅವಳು ಬ್ರಷ್ಷಿನ ಕೋಲಿನಿಂದ ಅವನ ಕಿವಿಯ ಮೇಲೆ ಹೊಡೆದಳು. ತಗಡಿಗೆ ರಿವೆಟ್ ಹೊಡೆಯುವ ವಸಂತ್ ನಡುವೆ ಬಿದ್ದು ತಾನೂ ಏಟು ತಿಂದ. ಬಿಡಿಸಿದ ಮೇಲೂ ಕರಿಯಮ್ಮ ಅಂಗಳದ ಸಿಮೆಂಟ್ ತೊಟ್ಟಿ ತೋರಿಸಿ, ಎಲ್ಲರೂ ಕೇಳುವ ಹಾಗೆ ಅಂದಳು: "ಒಂದಿನ ನಿನ್ನ ಇದೇ ನೀರಲ್ಲಿ ಮುಳುಗಿಸಿ ಸಾಯಿಸ್ತೀನಿ." ಆ ಹೊತ್ತಿಗೆ ಅದು ಬಾಯಿಮಾತಾಗಿರಲಿಲ್ಲ. ಇನ್ನೊಮ್ಮೆ ಕೈ ಮಾಡಿದರೆ ಇಬ್ಬರಿಗೂ ಗೇಟ್‌ಪಾಸ್ ಎಂದು ಸಾಹುಕಾರರು ಗದರಿಸಿದರು.

ಮರುವರ್ಷದ ಬೇಸಿಗೆ ರಜೆ ಹತ್ತಿರ ಬಂತು. ಹಿನ್ನೀರಿಗೆ ಜನ ಬರುವ ಮೊದಲು ಬೋಟುಗಳು ತಯಾರಾಗಬೇಕಿತ್ತು. ಬೆಂಗಳೂರಿನ ಕ್ಯಾನುಗಳು ಮುಗಿದಿದ್ದವು, ಹೊಸ ಲೋಡು ಬಂದಿರಲಿಲ್ಲ. ಅದನ್ನು ವಿಚಾರಿಸಲು ಕೊಟ್ರಬಸಪ್ಪ ಪೇಟೆಗೆ ಹೋದರು. ಅವರು ಹೋದದ್ದೇ ತಡ, ಚೌಡಪ್ಪ ಲಗೇಜ್ ಆಟೋದಲ್ಲಿ ಭದ್ರಾವತಿಯಿಂದ ಒಂದು ದೊಡ್ಡ ಕ್ಯಾನು ತರಿಸಿದ. ಮುಚ್ಚಳ ತೆಗೆದ ಕೂಡಲೇ ಕರಿಯಮ್ಮನಿಗೆ ವಾಸನೆಯಲ್ಲೇ ಗೊತ್ತಾಯಿತು. ಕಬ್ಬಿಣಕ್ಕೆ ಹಾಕುವ ಆಸಿಡ್. ಇದು ಈ ತಗಡನ್ನು ತಿನ್ನುತ್ತದೆ, ನಾನೇ ಒಂದು ಬೋಟು ಹಾಳು ಮಾಡಿದ್ದೇನೆ ಎಂದಳು. ನೀನು ಹಾಳು ಮಾಡಿದೆ, ನನಗೆ ಬರುತ್ತದೆ ಎಂದ. ಮಧ್ಯಾಹ್ನದೊಳಗೆ ಮುಗಿಸಿ ಸಾಹುಕಾರರಿಗೆ ತೋರಿಸುವ ಹಟ ಅವನಿಗೆ.

ಬಿಸಿಲಲ್ಲಿ ಕವುಚದೆ ಇಟ್ಟಿದ್ದ ಒಂದು ಬೋಟಿನೊಳಗೆ ಅವನು ಆಸಿಡ್ಡನ್ನು ನೀರು ಬೆರೆಸದೆ ಸುರಿದ. ಕಾದ ತಗಡು ಬುಸುಗುಟ್ಟಿತು. ನೊರೆ ಉಕ್ಕಿ, ಬಿಳಿ ಹೊಗೆ ಎದ್ದಿತು. ಬ್ರಷ್ಷು ಹಿಡಿದು ಬಗ್ಗಿದವನ ಉಸಿರು ಕಟ್ಟಿತು. ಕೆಮ್ಮುತ್ತ ಹಿಂದೆ ಸರಿಯುವಾಗ ಇನ್ನೊಂದು ಕೈಯಲ್ಲಿದ್ದ ಕ್ಯಾನು ಬೋಟಿನ ಅಡ್ಡಹಲಗೆಗೆ ಬಡಿಯಿತು. ಒಳಗಿದ್ದದ್ದು ಚಿಮ್ಮಿ ಅವನ ಮುಖ, ಕತ್ತು, ಎದೆಗೆ ಬಿತ್ತು.

ಚೌಡಪ್ಪ ಕಿರುಚಿದ್ದು ರಸ್ತೆಯ ಆಚೆಯ ಟೀ ಅಂಗಡಿಗೂ ಕೇಳಿಸಿತು. ಎರಡೂ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತ ಗೇಟಿನ ಕಡೆಗೆ ಓಡಿದ. ಅವನ ಹಿಂದೆ ಓಡಿದ ಕರಿಯಮ್ಮ ಬ್ರಷ್ಷಿನ ಕೋಲನ್ನು ಮಂಡಿಯ ಹಿಂದಕ್ಕೆ ಬೀಸಿ ಅವನನ್ನು ಬೀಳಿಸಿದಳು. ಕೂದಲಿಗೆ ಕೈ ಹಾಕಿ ತೊಟ್ಟಿಯವರೆಗೆ ಎಳೆದಳು. ಅಂಗಿಯನ್ನು ಹರಿದು ಬಿಸಾಡಿ, ಬೋರಿನ ಪೈಪಿನಿಂದ ನೀರು ಬೀಳುತ್ತಿದ್ದ ಜಾಗಕ್ಕೆ ಅವನ ಮುಖ ಒಡ್ಡಿದಳು. ಅವನು ಕೊಸರಿದ, ಒದ್ದ. ಅವಳು ಗ್ಲೌಸು ಕಿತ್ತೆಸೆದು, ಕಣ್ಣಿಗೆ ಅಡ್ಡ ಹಿಡಿದ ಅವನ ಕೈಗಳ ಮೇಲೆ ಗುದ್ದಿ ಸರಿಸಿದಳು, ಮುಚ್ಚಿದ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ನೀರು ಬಿಟ್ಟಳು. ಅವಳ ಬೆರಳಿಗೂ ಉರಿ ಹತ್ತಿತು. ಅವನು ಅವಳ ಮುಂಗೈ ಕಚ್ಚಿದ. ಅವಳು ಕಪಾಳಕ್ಕೆ ಹೊಡೆದು ಬಿಡಿಸಿಕೊಂಡು, ಕತ್ತು ಹಿಡಿದು ತಲೆಯನ್ನು ತೊಟ್ಟಿಯೊಳಕ್ಕೇ ಅದ್ದಿದಳು, ಎತ್ತಿದಳು, ಮತ್ತೆ ಅದ್ದಿದಳು.

ಹಾಗೆ ಅದ್ದುತ್ತಿದ್ದಾಗ ಒಂದು ಸಲ ಅವಳು ಎತ್ತಲಿಲ್ಲ. ಬೀದಿಯಲ್ಲಿ ಬಿದ್ದ ಅಕ್ಕಿ, ಜಡೆಯ ಎಳೆತ, ನಾಲಿಗೆಯ ಮೇಲಿನ ಹಲ್ಲು ಎಲ್ಲ ಒಟ್ಟಿಗೆ ಬಂದವು. ಅಂಗೈ ಕೆಳಗೆ ಅವನ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು. ಇನ್ನಷ್ಟು ಹೊತ್ತು ಒತ್ತಿ ಹಿಡಿದರೆ ಸಾಕು, ಯಾರೂ ಕೇಳುವವರಿಲ್ಲ. ಅವಳು ಒತ್ತಿಯೇ ಹಿಡಿದಿದ್ದಳು. ಆಮೇಲೆ ಎತ್ತಿದಳು.

ಅವಳು ಮತ್ತೆ ಅದ್ದುವ ಹೊತ್ತಿಗೆ ವಸಂತ್ ಒಳಗಿನಿಂದ ಬಂದ. ಅವನಿಗೆ ಕಂಡದ್ದು ತೊಟ್ಟಿಯಲ್ಲಿ ಮುಳುಗುತ್ತಿರುವ ತಲೆ, ಮೇಲೆ ಕೂತಿರುವ ಕರಿಯಮ್ಮ. ಕೊಂದುಬಿಟ್ಟಳು ಎಂದು ಕೂಗಿಕೊಂಡ. ಟೀ ಅಂಗಡಿಯ ಜನ ನುಗ್ಗಿದರು. ಯಾರೋ ಜಡೆ ಎಳೆದರು, ಯಾರೋ ಪಕ್ಕೆಗೆ ಒದ್ದರು. ಆಸಿಡ್ ಬಿದ್ದಿದೆ, ನೀರು ಬೇಕು ಎಂದು ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ವಸಂತ್ ಗೋಡೆಗೆ ಒರಗಿಸಿದ್ದ ಬೋಟಿನ ಹುಟ್ಟು ತೆಗೆದು ಅವಳ ಹೆಗಲಿಗೆ ಬೀಸಿದ. ಮೂಳೆ ಲಟಕ್ಕೆಂದಿತು. ಎಡಗೈ ಜೋತುಬಿತ್ತು. ಅವಳು ಬಲಗೈಯಲ್ಲಿ ಚೌಡಪ್ಪನ ಕೂದಲು ಬಿಡದೆ, ಇಡೀ ಮೈಯನ್ನು ಅವನ ಮೇಲೆ ಹಾಕಿ ಪೈಪಿನ ಕೆಳಗೇ ಹಿಡಿದುಕೊಂಡಳು. ಮತ್ತೊಂದು ಏಟು ಬೆನ್ನಿಗೆ ಬಿತ್ತು.

ಪೇಟೆಯಿಂದ ಬಂದ ಕೊಟ್ರಬಸಪ್ಪ ಗೇಟಿನಲ್ಲೇ ಸ್ಕೂಟರ್ ಕೆಡವಿ ಒಳಗೆ ಓಡಿದರು. ಬೋಟಿನ ಹೊಗೆ, ಉರುಳಿದ ಕ್ಯಾನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ವಸಂತನ ಕೈಯಿಂದ ಹುಟ್ಟು ಕಿತ್ತು ಅವನಿಗೇ ಒಂದು ಬಿಟ್ಟರು. ನೀರಿನ ಹೋಸ್ ಹಿಡಿದು ಜನರನ್ನು ಹಿಂದಕ್ಕೆ ಸರಿಸಿ, ಅದನ್ನು ಚೌಡಪ್ಪನ ಕಣ್ಣಿನ ಮೇಲೆ ಬಿಟ್ಟರು. ಆಸ್ಪತ್ರೆಗೆ ಸಾಗಿಸುವವರೆಗೂ ನೀರು ನಿಲ್ಲಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಹೆಂಗಸರ ಮುಖಕ್ಕೆ ಆಸಿಡ್ ಎರಚಿದ ಸುದ್ದಿಗಳು ಆಗ ಪೇಪರಿನಲ್ಲಿ ಮೇಲಿಂದ ಮೇಲೆ ಬರುತ್ತಿದ್ದವು. ಇಲ್ಲಿ ಹೆಂಗಸೇ ಎರಚಿದ್ದಾಳೆ ಎಂದು ಊರೆಲ್ಲ ಮಾತಾಯಿತು. ಅತ್ತಿಗೆಯೇ ಹಳೆ ದ್ವೇಷಕ್ಕೆ ಆಸಿಡ್ ಹಾಕಿ, ಮುಳುಗಿಸಿ ಕೊಲ್ಲಲು ನೋಡಿದಳು ಎಂದು ಶಕುಂತಲಮ್ಮ ದೂರು ಬರೆಸಿದಳು. ತೊಟ್ಟಿಯ ಮುಂದೆ ಕರಿಯಮ್ಮ ಆಡಿದ್ದ ಮಾತಿಗೆ ಶೆಡ್ಡಿನವರೆಲ್ಲ ಸಾಕ್ಷಿ. ಮುರಿದ ಹೆಗಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದವಳ ಮಂಚದ ಪಕ್ಕ ಒಬ್ಬ ಪೊಲೀಸಮ್ಮ ಕೂತಳು. ಶಕುಂತಲಮ್ಮ ಒಮ್ಮೆ ವಾರ್ಡಿಗೇ ನುಗ್ಗಿ, ಮಲಗಿದ್ದವಳ ಮುಖ ಪರಚಿದಳು. ಆಗಲೂ ಕರಿಯಮ್ಮ ಒಳ್ಳೆಯ ಕೈಯಿಂದ ಅವಳ ಮಣಿಕಟ್ಟು ತಿರುಚಿದಳೇ ಹೊರತು ತನ್ನ ಕಡೆಯ ಮಾತು ಹೇಳಲಿಲ್ಲ. ಹೇಳಹೊರಟರೆ ತಲೆ ಎತ್ತದೆ ಹಿಡಿದ ಆ ಒಂದು ಸಲದ್ದೂ ಬಾಯಿಗೆ ಬರುತ್ತಿತ್ತು.

ಮುಖದ ತುಂಬ ಬಟ್ಟೆ ಸುತ್ತಿಸಿಕೊಂಡಿದ್ದ ಚೌಡಪ್ಪ ಮೊದಮೊದಲು ಮಾತಾಡಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಎರಡು ಸಲ ಬಂದು ಬರಿಗೈಯಲ್ಲಿ ಹೋದರು. ಮುಂದಿನ ಸಲ ಬಂದಾಗ ಅವನು ಹೆಂಡತಿಯನ್ನು ಹೊರಗೆ ಕಳಿಸಲು ಹೇಳಿದ.

"ಆಸಿಡ್ ನಾನೇ ತಂದಿದ್ದು, ನಾನೇ ಮೈ ಮೇಲೆ ಚೆಲ್ಲಿಕೊಂಡಿದ್ದು," ಎಂದ. "ಹೊಡೆದಿದ್ದು ನಮ್ಮತ್ತಿಗೆ. ಎರಡೂ ಬರ್ಕೊಳ್ಳಿ."

ಕೇಸು ಬಿದ್ದುಹೋಯಿತು. ಚೌಡಪ್ಪನ ಬಲಗಣ್ಣು ಹೋಯಿತು, ಎಡಗಣ್ಣು ಉಳಿಯಿತು. ನೀರು ಬಿದ್ದದ್ದರಿಂದ ಅಷ್ಟಾದರೂ ಉಳಿಯಿತು ಎಂದರು ಡಾಕ್ಟರು. ಅವನು ಮತ್ತೆ ಶೆಡ್ಡಿಗೆ ಬರಲಿಲ್ಲ. ಅವಳಿಗೆ ಬರಬೇಕಿದ್ದ ಮನೆಯ ಪಾಲಿನ ಮಾತನ್ನೂ ಎತ್ತಲಿಲ್ಲ. ಕರಿಯಮ್ಮನ ಎಡಗೈ ಹೆಗಲಿನಿಂದ ಮೇಲಕ್ಕೆ ಏಳದಾಯಿತು. ಅವಳು ಬೋಟಿನ ಕೆಳಭಾಗ ತಿಕ್ಕುವಳು, ಮೇಲಿನದನ್ನು ವಸಂತ್ ತಿಕ್ಕುವನು. ಹುಟ್ಟು ಬೀಸಿದ್ದಕ್ಕೆ ಅವನು ಅವಳ ಕಾಲು ಹಿಡಿಯಲು ಬಂದಿದ್ದ. ಅವಳು ಕಾಲಿನಿಂದಲೇ ತಳ್ಳಿ, ಎದ್ದು ಕೆಲಸ ನೋಡು ಎಂದಿದ್ದಳು. ಆಸಿಡ್ ಇಡುವ ಕೋಣೆಯ ಬೀಗದ ಕೈಯನ್ನು ಕೊಟ್ರಬಸಪ್ಪ ಅವಳ ಸೊಂಟಕ್ಕೆ ಕಟ್ಟಿಸಿದರು. ಕನ್ನಡಕವಿಲ್ಲದೆ ಬ್ರಷ್ಷು ಮುಟ್ಟಿದವರಿಗೆ ಅವಳಿಂದ ಮೊದಲು ಏಟು, ಆಮೇಲೆ ಮಾತು.

ಕೆಲವು ವರ್ಷಗಳ ನಂತರ ಒಂದು ದಿನ ಚೌಡಪ್ಪನ ಮಗಳು ಅನುಷಾ ಒಬ್ಬಳೇ ಶೆಡ್ಡಿಗೆ ಬಂದಳು. ಕುಂಕುಮ ಹಚ್ಚಿ, ಮದುವೆಗೆ ಬರಬೇಕು ದೊಡ್ಡಮ್ಮ ಎಂದಳು. ಅಪ್ಪ ಕಳಿಸಿದ್ದೋ ನೀನಾಗಿ ಬಂದದ್ದೋ ಎಂದು ಕರಿಯಮ್ಮ ಕೇಳಿದಳು. ಬರಲೇಬೇಕು ಎಂದಷ್ಟೇ ಅಂದಳು ಹುಡುಗಿ. ಹೋಗುವುದು ಬೇಡ ಎಂದುಕೊಂಡೇ ಕರಿಯಮ್ಮ ಆ ದಿನ ಭದ್ರಾವತಿಯ ಬಸ್ಸು ಹತ್ತಿದಳು.

ಛತ್ರದ ಊಟದ ಸಾಲಿನಲ್ಲಿ ಅವಳ ಅಕ್ಕಪಕ್ಕ ಯಾರೂ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಕಪ್ಪು ಕನ್ನಡಕದ ಚೌಡಪ್ಪ ಬಂದು ಪಕ್ಕದ ಎಲೆಗೆ ಕೂತ. ಕತ್ತಿನ ಚರ್ಮ ಗಂಟುಗಂಟಾಗಿತ್ತು. ಎಲೆಗೆ ನೀರು ಚಿಮುಕಿಸಿಕೊಳ್ಳುತ್ತ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಅತ್ತಿಗೆ, ಅವತ್ತು ಒಂದು ಸಲ ನೀನು ನನ್ನ ತಲೆ ಎತ್ತಲಿಲ್ಲ."

"ಹೌದು," ಎಂದಳು ಕರಿಯಮ್ಮ. "ಎತ್ತೋದು ಬೇಡ ಅನ್ನಿಸಿತ್ತು."

"ಮತ್ತೆ ಯಾಕೆ ಎತ್ತಿದೆ?"

ಅವಳು ತನ್ನ ಎಲೆಗೂ ನೀರು ಚಿಮುಕಿಸಿಕೊಂಡಳು. "ನೀರಲ್ಲಿ ಗುಳ್ಳೆ ಬಂತು ಮಾರಾಯ. ಅದನ್ನ ನೋಡಿ ಎತ್ತಿದೆ."

ಚೌಡಪ್ಪ ತಲೆಯಾಡಿಸಿದ. ಅಷ್ಟರಲ್ಲಿ ಶಕುಂತಲಮ್ಮ ಹೋಳಿಗೆ ಬಡಿಸುತ್ತ ಆ ಸಾಲಿಗೆ ಬಂದಳು. ಕರಿಯಮ್ಮನ ಎಲೆಯ ಮುಂದೆ ಅವಳ ಕೈ ತಡೆಯಿತು, ಆಮೇಲೆ ಒಂದು ಹೋಳಿಗೆ ಹಾಕಿದಳು. ತುಪ್ಪ ಹಾಕದೆ ಮುಂದೆ ಹೋದಳು. ಚೌಡಪ್ಪ ಹೆಂಡತಿಯನ್ನು ಹಿಂದಕ್ಕೆ ಕರೆದು, ಎದುರಿಗೇ ನಿಲ್ಲಿಸಿಕೊಂಡು, ಅತ್ತಿಗೆಯ ಎಲೆಗೆ ತುಪ್ಪ ಹಾಕಿಸಿದ.